ಚಂಡೀಗಢದ ಶಿಲೋದ್ಯಾನ

ಸಂಸ್ಕೃತ ಕಾವ್ಯಗಳಲ್ಲಿ ರಾಜಮಂದಿರಗಳ ವರ್ಣನೆ ಬಂದಾಗಲೆಲ್ಲ ಮಣಿಕುಟ್ಟಿಮವೆಂಬ ಮಾತು ಅಡಿಗಡಿಗೆ ಕಣ್ಣಿಗೆ ಬೀಳುವುದು. ಕುಟ್ಟಿಮವೆಂದರೆ ಕಲ್ಲು ಮುಂತಾದವುಗಳನ್ನು ಹಾಸಿ ಗಟ್ಟಿಮಾಡಿದ ನೆಲ; ಅದರಲ್ಲಿ ರತ್ನಗಳನ್ನು ಕೂಡಿಸಿದರೆ ಮಣಿಕುಟ್ಟಿಮ. ಪಶ್ಚಿಮ ದೇಶಗಳವರು ಮೊಸಾಯಿಕ್ ಎಂದು ಕರೆಯುವ ಕಲೆಯೂ ಇದೇ ಜಾತಿಗೆ ಸೇರಿದುದು. ರೋಮನರು ಬಣ್ಣದ ಕಲ್ಲಿನ ಸಣ್ಣ ಸಣ್ಣ ಚದರಗಳನ್ನು ನೆಲದಲ್ಲಿ ಜೋಡಿಸಿ ಮೀನು, ಬಳ್ಳಿ, ಬೇಟೆ ಮೊದಲಾದ ಚಿತ್ರಗಳನ್ನು ಮಾಡಿದರು. ಇಟಲಿಯ ರವೆನ್ನಾ ಪಟ್ಟಣದಲ್ಲಿ ಕ್ರಿ. ಶ. 547ರಲ್ಲಿ ಪ್ರತಿಷ್ಠಿತವಾದ ಸಾನ್ ವಿತಾಲೆ ಇಗರ್ಜಿಯ ಗೋಡೆಗಳಲ್ಲಿ ಚಿನ್ನದ ರೇಕನ್ನು ಒಳಗೊಂಡ ಗಾಜಿನ ತುಣುಕುಗಳು ಇಂದಿಗೂ ಹೊಳೆಯುತ್ತಿವೆ. ಅಂಬೇರ ಕೋಟೆಯ ಶೀಶಮಹಲು ಉತ್ತರ ಹಿಂದುಸ್ಥಾನದ ಯಾತ್ರೆ ಮಾಡಿಬಂದ ಅನೇಕರು ನೋಡಿರತಕ್ಕದ್ದೇ ಆಗಿದೆ. ಇವೆಲ್ಲವುಗಳಲ್ಲಿಯೂ ಒಂದು ಸಾಮ್ಯವುಂಟು: ತುಣುಕುಗಳು ಎಷ್ಟೇ ಸಣ್ಣವಾಗಿರಲಿ, ಅವು ಆ ಕೆಲಸಕ್ಕೆಂದೇ ಹೊಸದಾಗಿ ಕತ್ತರಿಸಲ್ಪಟ್ಟವು, ಅವುಗಳ ಬೆಲೆಯನ್ನು ರಾಜನ ಬೊಕ್ಕಸವೋ ದೇವಾಲಯದ ಭಂಡಾರವೋ ಕೊಟ್ಟಿರುವುದು. ಪ್ರಕೃತ ಲೇಖನದ ವಿಷಯವಾದ ಉದ್ಯಾನವಾದರೋ ಯಾರೂ ಬೆಲೆ ಕೊಡದೆ ಬೀದಿಗೆ ಎಸೆದ ಚೂರುಗಳಿಂದ, ಸಂಬಳಕ್ಕೆ ದುಡಿಯುವ ಒಬ್ಬ ಸಾಮಾನ್ಯ ನೌಕರನಿಂದ, ಸರಕಾರದ ಭೂಮಿಯಲ್ಲಿ ಸರಕಾರಕ್ಕೆ ತಿಳಿಯದಂತೆ ನಿರ್ಮಿತವಾದುದು.

ಒಡೆದ ವಸ್ತುವಿನ ವಿಷಯದಲ್ಲಿ ಗೃಹಸ್ಥರ ಮನೆಗಳಲ್ಲಿ ಇರುವ ಭಾವನೆ ಎಂತಹುದೆಂಬುದು ವಾಚಕರಿಗೆ ತಿಳಿದೇ ಇದೆ. ಖಂಡಿತವಾದ ವಿಗ್ರಹವು ಪೂಜೆಗೆ ಅರ್ಹವಲ್ಲ. ಅದನ್ನು ನೀರಿನಲ್ಲಿ ವಿಸರ್ಜಿಸಬೇಕು. ಒಡೆದ ಕನ್ನಡಿಯಲ್ಲಿ ಮುಖ ನೋಡಬಾರದು. ಬಳೆಯ ವಿಷಯದಲ್ಲಂತೂ ‘ಒಡೆಯಿತು’ ಎಂಬ ಮಾತನ್ನೇ ಬಾಯಿಂದ ಹೊರಡಿಸದೆ, ಕನ್ನಡ ನಾಡಿನ ಹಲವು ಮನೆಗಳಲ್ಲಿ ಹಿರಿಯ ಹೆಂಗಸರು ‘ಬಳೆ ಹೆಚ್ಚಿತು’ ಎನ್ನುವ ರೂಢಿಯುಂಟು. ಅಷ್ಟರಮಟ್ಟಿಗೆ ಆ ಚೂರಿನಲ್ಲಿ ದುಃಖದ ಸ್ಮರಣೆ ಅಡಗಿದೆ. ಚಂಡೀಗಢದ ಶಿಲೋದ್ಯಾನದಲ್ಲಿ ಸಾಲುಸಾಲಾಗಿ ನಿಂತಿರುವ ಸ್ತ್ರೀಪ್ರತಿಮೆಗಳ ಉಡುಗೆಯು ಇಂತಹ ಬಳೆಚೂರುಗಳಿಂದಲೇ ಆಗಿದೆಯೆಂಬುದನ್ನು ನೆನೆದರೆ ಅದನ್ನು ಕಟ್ಟಿದವನ ಎದೆಗಾರಿಕೆಯು ಗೊತ್ತಾದೀತು.

ಉದ್ಯಾನದ ಕಥೆಯನ್ನು ಹೇಳುವುದಕ್ಕೆ ಮುಂಚೆ ಆ ನಗರದ ಕಥೆಯನ್ನು ಹೇಳಬೇಕಾಗುವುದು. 1947ರಲ್ಲಿ ದೇಶವು ಇಬ್ಭಾಗವಾದಾಗ ಪಂಜಾಬದ ರಾಜಧಾನಿಯಾದ ಲಾಹೋರು ಪಾಕಿಸ್ತಾನಕ್ಕೆ ಹೋಯಿತು. ಪೂರ್ವ ಪಂಜಾಬಕ್ಕೆ ರಾಜಧಾನಿಯೇ ಇಲ್ಲದಂತಾಗಲು, ಶಿವಾಲಿಕ ಬೆಟ್ಟಗಳ ಬುಡದಲ್ಲಿ, ಚಂಡೀದೇವಿಯ ಗುಡಿಯ ಸಮೀಪದ ಬಯಲಿನಲ್ಲಿ ಹೊಸ ಪಟ್ಟಣವನ್ನು ಕಟ್ಟುವುದೆಂದು ನಿಶ್ಚಯವಾಯಿತು. ಮೊದಲು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಆತನ ಸಹಾಯಕನಾದ ಮ್ಯಾಥ್ಯೂ ನೊವಿಟ್ಸ್ಕಿ ಎಂಬವರು ನಕ್ಷೆಯನ್ನು ಸಿದ್ಧಪಡಿಸಿದರು. 1950ರಲ್ಲಿ ನೊವಿಟ್ಸ್ಕಿಯು ವಿಮಾನಾಪಘಾತದಲ್ಲಿ ಮೃತನಾದ ತರುವಾಯ ಆ ಕೆಲಸವು ಫ್ರಾನ್ಸಿನಲ್ಲಿ ನೆಲೆಸಿದ್ದ ಪ್ರಖ್ಯಾತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಕೈಗೆ ಬಂದಿತು. ಚದುರಂಗದ ಮನೆಗಳಂತೆ ಕ್ರಮವಾದ ವಿಭಾಗಗಳು, ನೇರವಾದ ದಾರಿಗಳು, ಉತ್ತರದ ತುದಿಯಲ್ಲಿ ಶಾಸನಸಭೆ, ಸಚಿವಾಲಯ, ಉಚ್ಚ ನ್ಯಾಯಾಲಯಗಳ ಭವ್ಯ ಕಟ್ಟಡಗಳು—ಹೀಗೆ ಎಲ್ಲವೂ ಮುಂಚಿತವಾಗಿ ಗೊತ್ತುಮಾಡಲ್ಪಟ್ಟವು. 1953ನೆಯ ಅಕ್ಟೋಬರ್ 7ರಂದು ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ನಗರವನ್ನು ಉದ್ಘಾಟಿಸಿದರು.

ಆದರೆ ಬಯಲೆಂದು ಹೇಳಲ್ಪಡುವ ಆ ಭೂಮಿಯು ನಿರ್ಜನವಾಗಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಗ್ರಾಮಗಳು ನಗರಕ್ಕಾಗಿ ಎತ್ತಲ್ಪಟ್ಟವು. ಮಣ್ಣಿನ ಗೋಡೆಗಳು, ಒಲೆಗಳು, ಗಡಿಗೆಗಳು, ಬಾಗಿಲುಗಳು, ಹೊತ್ತುಕೊಂಡು ಹೋಗಲಾರದೆ ಬಿಟ್ಟ ಪಾತ್ರೆಪದಾರ್ಥಗಳು ಅಲ್ಲಲ್ಲಿಯೇ ರಾಶಿಬಿದ್ದವು. ಇತ್ತ ಹೊಸ ಕಟ್ಟಡಗಳ ಕೆಲಸದಲ್ಲಿ ಒಡೆದ ಪಿಂಗಾಣಿ, ಅತಿಯಾಗಿ ಬೆಂದು ಕರಗಿದ ಇಟ್ಟಿಗೆ, ಬರಿದಾದ ಡಾಮರಿನ ಪೀಪಾಯಿ ಇವುಗಳ ರಾಶಿಯೂ ಬೆಳೆಯಿತು. ಹಳೆಯದು ಅಳಿದುದರ ಚೂರು, ಹೊಸದು ಹುಟ್ಟುವಾಗಿನ ಚೂರು, ಎರಡೂ ಒಂದೇ ತಿಪ್ಪೆಗೆ ಬಿದ್ದವೆನ್ನಬಹುದು. ನಗರದ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಈ ತಿಪ್ಪೆಯ ಕಡೆಗೆ ನೋಡಲೇ ಇಲ್ಲ.

ನೋಡಿದವರು ನೇಕ್ ಚಂದ್ ಸೈನಿ ಎಂಬವರು. ಇವರು 1924ನೆಯ ಡಿಸೆಂಬರ್ 15ರಂದು ಆಗಿನ ಗುರುದಾಸಪುರ ಜಿಲ್ಲೆಯ ಶಕರಗಢ ತಾಲ್ಲೂಕಿನ ಬೇರಿಯಾಂ ಕಲಾಂ ಎಂಬ ಹಳ್ಳಿಯಲ್ಲಿ ಒಕ್ಕಲುತನದ ಮನೆಯಲ್ಲಿ ಜನಿಸಿದರು. ವಿಭಜನೆಯ ಕಾಲದಲ್ಲಿ ಗುರುದಾಸಪುರದ ಉಳಿದ ಭಾಗವು ಭಾರತಕ್ಕೆ ಬಂದರೂ ಶಕರಗಢ ಮಾತ್ರ ಪಾಕಿಸ್ತಾನಕ್ಕೆ ಸೇರಿತು. ಒಂದು ಗೆರೆಯು ಅತ್ತಿತ್ತ ಸರಿದುದರಿಂದ ಆ ಕುಟುಂಬವು ಮನೆಮಾರುಗಳನ್ನು ತೊರೆದು ಬರಬೇಕಾಯಿತು. ಹೀಗೆ ಊರು ಕಳೆದುಕೊಂಡ ಯುವಕನಿಗೆ 1951ರ ಸುಮಾರಿನಲ್ಲಿ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಗಳ ಮೇಲ್ವಿಚಾರಕನ ಕೆಲಸ ದೊರೆಯಿತು. ಊರು ಬಿಟ್ಟು ಬಂದವನು ಬೇರೆಯವರ ಊರುಗಳನ್ನು ಎತ್ತಿಸಿದ ನೆಲದಲ್ಲಿ ದಾರಿ ಹಾಕಿಸುವ ಉದ್ಯೋಗಕ್ಕೆ ನಿಂತನು!

ನಗರದ ಉತ್ತರದ ಅಂಚಿನಲ್ಲಿ, 1958ರಲ್ಲಿ ಸುಖನಾ ಎಂಬ ಮಳೆಗಾಲದ ಹಳ್ಳಕ್ಕೆ ಕಟ್ಟೆ ಹಾಕಿ ಮಾಡಿದ ಸರೋವರದ ಸಮೀಪದಲ್ಲಿ, ಯಾರೂ ಏನನ್ನೂ ಕಟ್ಟಕೂಡದೆಂದು ನಿಷೇಧಿಸಿದ ಕುರುಚಲು ಕಾಡೊಂದಿದ್ದಿತು. ಇಲಾಖೆಯ ಸಾಮಗ್ರಿಗಳ ಉಗ್ರಾಣವೂ ಅಲ್ಲಿಗೆ ದೂರವಿರಲಿಲ್ಲ. 1958ರ ಹೊತ್ತಿಗೆ ನೇಕಚಂದರು ಆ ಪೊದೆಗಳ ನಡುವೆ ಒಂದಿಷ್ಟು ಜಾಗವನ್ನು ಸವರಿ ಗುಡಿಸಲು ಹಾಕಿಕೊಂಡು ವಸ್ತುಗಳನ್ನು ಕೂಡಿಡತೊಡಗಿದರು. ಹಗಲು ಸರಕಾರದ ಚಾಕರಿ. ಸಂಜೆಯಾದ ಮೇಲೆ ಬೈಸಿಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಈ ಗುಪ್ತ ವ್ಯವಸಾಯ. ಶಿವಾಲಿಕ ಬೆಟ್ಟಗಳಿಂದ ಇಳಿಯುವ ಹಳ್ಳಗಳ ಪಾತ್ರದಲ್ಲಿ ನೀರಿನಿಂದ ಸವೆದು ಪಕ್ಷಿಯಂತೆ, ಮನುಷ್ಯನಂತೆ, ಕುಳಿತ ಪಶುವಿನಂತೆ ಕಾಣುವ ಕಲ್ಲುಗಳನ್ನು ಆರಿಸಿ ತಂದರು. ಕೆಡವಿದ ಹಳ್ಳಿಗಳ ರಾಶಿಯಿಂದಲೂ ನಗರದ ಕಸದಿಂದಲೂ ಉಳಿದುದನ್ನು ತಂದರು. ರಾತ್ರಿ ಹಳೆಯ ಟಯರುಗಳನ್ನು ಹೊತ್ತಿಸಿ ಅದರ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರೆಂದು ಹೇಳುವರು. ಬಾಲ್ಯದಲ್ಲಿ ತಾಯಿಯ ಬಾಯಿಂದ ಕೇಳಿದ ರಾಜರಾಣಿಯರ ಕಥೆಗಳು ಅವರ ಮನಸ್ಸಿನಲ್ಲಿ ನಿಂತಿದ್ದುವು; ಆ ಕಾಡಿನಲ್ಲಿ ತಾವು ಎಬ್ಬಿಸುತ್ತಿರುವುದು ಒಂದು ದೇವರಾಜ್ಯವೆಂಬ ಭಾವನೆ ಅವರಿಗಿದ್ದಿತು. ಶಿಲ್ಪಶಾಲೆಯ ಮೆಟ್ಟಲನ್ನು ಅವರು ಹತ್ತಿದವರಲ್ಲ.

ಪ್ರತಿಮೆಗಳನ್ನು ಮಾಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯತಕ್ಕದ್ದು. ಕೈಕಾಲುಗಳ ಎಲುಬಿನ ಹಂದರಕ್ಕೆ ಮುರಿದ ಬೈಸಿಕಲ್ಲಿನ ಚೌಕಟ್ಟು, ತುಕ್ಕುಹಿಡಿದ ಕೊಳವೆ, ಕಂಬಿಗಳು ಸಾಕು. ಅದರ ಮೇಲೆ ಸಿಮೆಂಟು ಮರಳಿನ ಗಾರೆಯನ್ನು ಮೆತ್ತಿ ಸ್ಥೂಲವಾದ ಆಕಾರವನ್ನು ಕೊಡುವರು. ಕಡೆಯ ಲೇಪವು ಇನ್ನೂ ಹಸಿಯಾಗಿರುವಾಗಲೇ ಚೂರುಗಳನ್ನು ಒಂದೊಂದಾಗಿ ಒತ್ತಬೇಕು. ತಡವಾದರೆ ಗಾರೆ ಹಿಡಿಯುವುದಿಲ್ಲ. ಅವಸರಪಟ್ಟರೆ ಚೂರು ಒಳಕ್ಕೆ ಮುಳುಗುವುದು. ತಟ್ಟೆ ಬಟ್ಟಲುಗಳ ಒಡಕು ಅಂಗಿಯಾಗುವುದು, ಬಳೆಯ ತುಂಡು ಸೀರೆಯ ಮಡಿಕೆಯಾಗುವುದು, ಕುಲುಮೆಯಲ್ಲಿ ಉಳಿದ ಕಿಟ್ಟವು ಕರಡಿಯ ಮೈಯಾಗುವುದು. ಬೈಸಿಕಲ್ಲಿನ ಆಸನವನ್ನು ತಿರುಗಿಸಿ ನಿಲ್ಲಿಸಿದರೆ ಪಶುವಿನ ಮೋರೆ ತಾನಾಗಿಯೇ ಬಂದಿತು. ಹಿಂದೆ ಕ್ಷೌರಿಕರ ಅಂಗಡಿಗಳಿಂದ ಗುಡಿಸಿ ತಂದ ಕೂದಲೂ ಕೆಲವು ಬೊಂಬೆಗಳ ತಲೆಯನ್ನೇರಿತು. ಗೋಡೆಗಳಲ್ಲಿಯೂ ಇದೇ ನ್ಯಾಯ: ಒಂದೆಡೆ ಮಣ್ಣಿನ ಗಡಿಗೆಗಳ ಸಾಲು, ಒಂದೆಡೆ ವಿದ್ಯುತ್ತಿನ ತಂತಿಗೆ ಹಾಕುವ ಪಿಂಗಾಣಿಯ ಗುಬಟುಗಳು, ಒಂದೆಡೆ ಕೈತೊಳೆಯುವ ಬೋಗುಣಿಗಳ ಒಡಕು, ಮತ್ತೊಂದೆಡೆ ಉರಿದುಹೋದ ದೀಪದ ಕೊಳವೆಗಳು. ಶೌಚಗೃಹದ ಪಿಂಗಾಣಿಯನ್ನು ಕೂಡ ಬಿಡಲಿಲ್ಲ. ಆಚಾರವಂತರಿಗೆ ಇದು ಜುಗುಪ್ಸೆಯನ್ನು ತರಬಹುದು. ಬಿಸಿಲಿಗೂ ಮಳೆಗೂ ಎಷ್ಟೋ ವರ್ಷ ತೊಳೆದು, ಬಿಳಿಯ ಕಲ್ಲಿನಂತೆ ನಿಂತುದನ್ನು ಕಂಡಾಗ ಆ ಭಾವನೆ ಬಹಳ ಹೊತ್ತು ನಿಲ್ಲಲಾರದು.

ಇಂತಹ ಹೊದಿಕೆಯು ಕನ್ನಡಿಗರಿಗೆ ತೀರ ಅಪರಿಚಿತವೆಂದೂ ಹೇಳುವಂತಿಲ್ಲ. ಬಿಸಿಲು ಒಳಕ್ಕೆ ಇಳಿಯದಿರಲೆಂದು ತಾರಸಿಯ ಮೇಲೆ ಬಿಳಿಯ ಪಿಂಗಾಣಿಯ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಪದ್ಧತಿಯು ದಕ್ಷಿಣದಲ್ಲಿಯೂ ಗುಜರಾತಿನಲ್ಲಿಯೂ ಉಂಟು. ಲ ಕಾರ್ಬೂಸಿಯೆಯ ಬಳಿ ಪ್ಯಾರಿಸ್ಸಿನಲ್ಲಿ ಕೆಲಸ ಕಲಿತ ಬಾಲಕೃಷ್ಣ ದೋಶಿಯವರು ಅಹಮದಾಬಾದಿನಲ್ಲಿ ತಮ್ಮ ಕಾರ್ಯಾಲಯವಾದ ‘ಸಂಗಾತ’ದ ಕಮಾನು ಛಾವಣಿಗಳನ್ನು ಇದರಿಂದಲೇ ಹೊದಿಸಿದರು. ಗುರುವಿನ ನಗರದಲ್ಲಿ ಗುಮಾಸ್ತನಂತಿದ್ದವನು ಕದ್ದು ಮಾಡಿದ ಕೆಲಸವನ್ನೇ ಶಿಷ್ಯನು ಬಹಿರಂಗವಾಗಿ ಮಾಡಿದುದು ವಿಚಿತ್ರವಾದ ಯೋಗವಲ್ಲವೆ?

ಲ ಕಾರ್ಬೂಸಿಯೆಯು ನಗರದ ನಿವಾಸಿಗಳಿಗಾಗಿ ಒಂದು ನಿಬಂಧನ ಪತ್ರವನ್ನು ಬರೆದಿಟ್ಟಿದ್ದನು. ನಗರದಲ್ಲಾಗಲಿ ಅದರ ಉದ್ಯಾನಗಳಲ್ಲಾಗಲಿ ಯಾವ ವ್ಯಕ್ತಿಯ ಪ್ರತಿಮೆಯನ್ನೂ ಸ್ಥಾಪಿಸಕೂಡದೆಂಬುದು ಅದರ ಒಂದು ವಿಧಿ. ಮಹಾಪುರುಷರ ಕಲ್ಲಿನ ಗೊಂಬೆಗಳಿಂದ ಬೀದಿಗಳು ತುಂಬಿಹೋಗಬಾರದೆಂಬ ಆತನ ವಿವೇಕವು ಮೆಚ್ಚತಕ್ಕದ್ದೇ ಸರಿ. ಆದರೆ ಆ ವಿಧಿಯು ಜಾರಿಯಲ್ಲಿದ್ದಾಗಲೇ ನಗರದ ಅಂಚಿನಲ್ಲಿ ನೂರಾರು ಪ್ರತಿಮೆಗಳು ಎದ್ದುನಿಂತವು. ಅವು ಯಾರವು? ನೀರು ಹೊತ್ತು ಬರುವ ಹೆಂಗಸರು, ವಾದ್ಯ ನುಡಿಸುವವರು, ಸಿಪಾಯಿಗಳು, ಮಕ್ಕಳನ್ನೆತ್ತಿದ ತಾಯಂದಿರು, ಮಂಗಗಳು, ನವಿಲುಗಳು. ಒಂದಕ್ಕಾದರೂ ಹೆಸರಿಲ್ಲ. ವಿಧಿಯ ಅಕ್ಷರಕ್ಕೆ ಭಂಗ ಬರಲಿಲ್ಲವೆಂದು ಮೀಮಾಂಸಕರು ವಾದಿಸಬಹುದು. ಎತ್ತಿಸಿದ ಹಳ್ಳಿಗಳ ಹೆಸರಿಲ್ಲದ ಜನರೇ ಬಂದು ನಿಂತಿರುವರೇನೋ ಎಂದು ನೋಡುವವನಿಗೆ ತೋರಿದರೆ ಅದನ್ನೂ ತಪ್ಪೆನ್ನಲಾಗದು. 1965ರಲ್ಲಿ ತೀರಿಕೊಂಡ ಆ ಮಹಾಶಿಲ್ಪಿಯು ಈ ಉದ್ಯಾನವನ್ನು ಉದ್ಯಾನವಾಗಿ ಕಾಣಲೇ ಇಲ್ಲ.

1970ರ ದಶಕದಲ್ಲಿ ಗುಟ್ಟು ಹೊರಬಿದ್ದಿತು. ಅಷ್ಟರಲ್ಲಿ ಆ ಕಾಡಿನೊಳಗೆ ಕೆಲವು ಎಕರೆಗಳಷ್ಟು ಅಂಗಳಗಳೂ ದಾರಿಗಳೂ ಪ್ರತಿಮೆಗಳ ಪಂಕ್ತಿಗಳೂ ಬೆಳೆದಿದ್ದವು. ಅಧಿಕಾರಿಗಳು ಸಿಕ್ಕಿಬಿದ್ದ ಧರ್ಮಸಂಕಟವು ಸಾಮಾನ್ಯವಾದುದಲ್ಲ. ಕಾಯಿದೆಯ ದೃಷ್ಟಿಯಲ್ಲಿ ಇದು ಅತಿಕ್ರಮಣ. ಅತಿಕ್ರಮಿಸಿದವನು ಸರಕಾರದ ಅನ್ನವನ್ನುಂಡ ನೌಕರ. ಇವನನ್ನು ಕ್ಷಮಿಸಿದರೆ ನಾಳೆ ಗುಡಿಸಲು ಹಾಕಿದ ಬಡವನನ್ನು ಎಬ್ಬಿಸುವುದು ಯಾವ ಮುಖದಿಂದ? ಈ ಕಡೆಯ ಪ್ರಶ್ನೆಯನ್ನು ಉದ್ಯಾನದ ಸ್ತುತಿಪಾಠಕರು ಸುಲಭವಾಗಿ ಮರೆಯುವರು, ಮರೆಯತಕ್ಕದ್ದಲ್ಲ. ಆದರೂ ಕೆಡಹುವ ಆಜ್ಞೆಯು ಹೊರಡಲಿಲ್ಲ. ನಗರದ ಗಿಡಮರಗಳ ಯೋಜನೆಗೆ ಕಾರಣರಾಗಿದ್ದ ಎಂ. ಎಸ್. ರಂಧಾವಾ ಅವರಂತಹ ರಸಿಕ ಅಧಿಕಾರಿಗಳು ಪಕ್ಷ ವಹಿಸಿದರು. ಜನರು ತಂಡತಂಡವಾಗಿ ನೋಡಬಂದರು. 1976ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ನೇಕಚಂದರಿಗೆ ‘ಶಿಲೋದ್ಯಾನದ ಉಪವಿಭಾಗೀಯ ಇಂಜಿನಿಯರ್’ ಎಂಬ ಹುದ್ದೆಯೂ ಸಂಬಳವೂ ಐವತ್ತು ಮಂದಿ ಕೂಲಿಗಳೂ ದೊರೆತರು. ತಪ್ಪು ಮಾಡಿದವನಿಗೆ ಅದೇ ತಪ್ಪನ್ನು ಮುಂದುವರಿಸುವುದಕ್ಕೆ ಸರಕಾರವು ಸಂಬಳ ಕೊಟ್ಟ ಉದಾಹರಣೆಗಳು ವಿರಳ.

ಪರದೇಶಗಳಲ್ಲಿ ಇದಕ್ಕೆ ಹೋಲುವ ಎರಡು ಕಥೆಗಳಿವೆ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕೂಲಿಮಾಡಿಕೊಂಡಿದ್ದ ಸೈಮನ್ ರೋಡಿಯಾ ಎಂಬವನು ಲಾಸ್ ಏಂಜಲೀಸಿನ ವಾಟ್ಸ್ ಎಂಬ ಬಡವರ ಕೇರಿಯಲ್ಲಿ 1921ರಿಂದ 1954ರ ವರೆಗೆ ಒಬ್ಬನೇ ಉಕ್ಕಿನ ಕಂಬಿ, ಗಾರೆ, ಸೀಸೆಯ ಚೂರು, ಕಪ್ಪೆಚಿಪ್ಪುಗಳಿಂದ ಗೋಪುರಗಳನ್ನು ಎತ್ತಿದನು. ಬಳಿಕ ಜಾಗವನ್ನು ನೆರೆಯವನಿಗೆ ಬಿಟ್ಟು ಹೊರಟುಹೋದನು. ಗೋಪುರಗಳು ಅಪಾಯಕರವೆಂದು ಪುರಸಭೆಯವರು ಕೆಡಹಲು ಹೊರಟಾಗ, 1959ರಲ್ಲಿ ಹತ್ತು ಸಾವಿರ ಪೌಂಡುಗಳ ಎಳೆತವನ್ನು ಕೊಟ್ಟು ಪರೀಕ್ಷೆ ಮಾಡಲಾಯಿತು. ಎಳೆಯುವ ಯಂತ್ರವೇ ಸೋತಿತು, ಗೋಪುರವು ನಿಂತಿತು. ಫ್ರಾನ್ಸಿನ ಶಾರ್ತ್ರ ಪಟ್ಟಣದಲ್ಲಿ ಸ್ಮಶಾನವನ್ನು ಗುಡಿಸುತ್ತಿದ್ದ ರೇಮಂಡ್ ಇಸಿದೋರನು ದಾರಿಯಲ್ಲಿ ಸಿಕ್ಕಿದ ಪಿಂಗಾಣಿಯ ಚೂರುಗಳನ್ನು 1938ರಿಂದ ಮೊದಲ್ಗೊಂಡು ಕೂಡಿಸಿ, ತನ್ನ ಮನೆಯ ಗೋಡೆ, ನೆಲ, ಮೇಜು, ಹಾಸಿಗೆಯ ಮಂಚ ಎಲ್ಲವನ್ನೂ ಹೊದಿಸಿದನು, ನೆರೆಹೊರೆಯವರು ನಕ್ಕರು. 1964ರಲ್ಲಿ ಆತನು ತೀರಿಕೊಂಡನು. ಮನೆಯನ್ನು ಆಮೇಲೆ ನಗರದವರೇ ಕೊಂಡು ಕಾಪಾಡಿದರು. ಮೂವರಲ್ಲಿ ಯಾರೂ ಮತ್ತೊಬ್ಬರ ಕೆಲಸವನ್ನು ನೋಡಿ ಕಲಿತವರಲ್ಲ. ಮೂವರೂ ಕೈಕೆಲಸದಿಂದ ಹೊಟ್ಟೆ ಹೊರೆದವರು, ಮೂವರೂ ಬಿಡುವಿನ ವೇಳೆಯಲ್ಲಿ ಮಾಡಿದವರು.

ಸರಕಾರದ ನೆರವು ಬಂದಮೇಲೆ ಶಿಲೋದ್ಯಾನವು ಶೀಘ್ರವಾಗಿ ಬೆಳೆಯಿತು. ನಗರದಲ್ಲಿ ಅಲ್ಲಲ್ಲಿ ಚಿಂದಿಬಟ್ಟೆಯನ್ನೂ ಒಡೆದ ಪಿಂಗಾಣಿಯನ್ನೂ ಸಂಗ್ರಹಿಸುವ ಕೇಂದ್ರಗಳು ಏರ್ಪಟ್ಟವು. 1983ರಲ್ಲಿ ಅಂಚೆಯ ಇಲಾಖೆಯವರು ಉದ್ಯಾನದ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿದರು. 1984ರಲ್ಲಿ ನೇಕಚಂದರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಎರಡನೆಯ ಘಟ್ಟದಲ್ಲಿ ಜಲಪಾತಗಳೂ, ಮೂರನೆಯದರಲ್ಲಿ ಎತ್ತರವಾದ ಕಮಾನುಗಳ ಕೆಳಗೆ ತೂಗುವ ಉಯ್ಯಾಲೆಗಳೂ ಬಂದವು. ಇವು ಮಕ್ಕಳಿಗೆ ಬಹು ಪ್ರಿಯವಾದವು. ಆದರೆ ಮೊದಲಿನ ಭಾಗದಲ್ಲಿರುವ ಏಕಾಂತವೂ ನಿಗೂಢತೆಯೂ ಈ ವಿಸ್ತಾರದಲ್ಲಿ ಉಳಿಯಲಿಲ್ಲವೆಂಬ ಮಾತನ್ನು ಹೇಳದೆ ಬಿಡಲಾಗದು. ಅಲ್ಲಿಯ ಬಾಗಿಲುಗಳು ತೀರ ತಗ್ಗಾಗಿ, ಎಂತಹ ದೊಡ್ಡವನಾದರೂ ತಲೆ ಬಗ್ಗಿಸಿಯೇ ನುಗ್ಗಬೇಕಾಗಿದೆ; ಗೋಡೆಗಳ ನಡುವೆ ದಾರಿಯು ತಿರುಗಿ ತಿರುಗಿ, ಮುಂದೇನಿದೆಯೆಂಬುದು ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: 1976ರಿಂದೀಚಿನ ಪ್ರತಿಮೆಗಳಲ್ಲಿ ಚೂರುಗಳನ್ನು ಒತ್ತಿದ ಬೆರಳುಗಳು ಬಹುಮಟ್ಟಿಗೆ ಕೂಲಿಯವರವು. ಅವರಲ್ಲಿ ಒಬ್ಬರ ಹೆಸರೂ ಯಜಮಾನನ ಹೆಸರಿನಷ್ಟು ಪ್ರಸಿದ್ಧಿಗೆ ಬರಲಿಲ್ಲ.

ಕೀರ್ತಿಯು ಬಂದರೂ ಭಯವು ತೊಲಗಲಿಲ್ಲ. ಉದ್ಯಾನದ ನೆರೆಯಲ್ಲಿಯೇ ಉಚ್ಚ ನ್ಯಾಯಾಲಯವಿರುವುದರಿಂದ ವಾಹನಗಳ ದಾರಿಗೂ ನಿಲುಗಡೆಗೂ ಜಾಗ ಬೇಕೆಂಬ ಬೇಡಿಕೆಯು ಮೇಲಿಂದ ಮೇಲೆ ಏಳುತ್ತ ಬಂದಿದೆ. 1990ರ ಸುಮಾರಿನಲ್ಲಿ ದಾರಿಗಾಗಿ ಒಂದು ಭಾಗವನ್ನು ಕೆಡಹಲು ಯಂತ್ರಗಳು ಬಂದಾಗ ಊರಿನ ಜನರೇ ಅಡ್ಡವಾಗಿ ನಿಂತು ಅವುಗಳನ್ನು ಹಿಂದಿರುಗಿಸಿದರು. 1996ರಲ್ಲಿ ನೇಕಚಂದರು ಉಪನ್ಯಾಸಗಳಿಗಾಗಿ ಪರದೇಶಕ್ಕೆ ಹೋಗಿದ್ದಾಗ ಹಣದ ಸಹಾಯವು ನಿಂತುಹೋಗಿ, ಕಾವಲಿಲ್ಲದ ಪ್ರತಿಮೆಗಳಲ್ಲಿ ಹಲವನ್ನು ದುಷ್ಟರು ಮುರಿದುಹಾಕಿದರು. ಚೂರುಗಳಿಂದ ಹುಟ್ಟಿದವು ಮತ್ತೆ ಚೂರಾದವು; ಊರಿನವರು ಸಂಘ ಕಟ್ಟಿಕೊಂಡು ಉದ್ಯಾನದ ಆಡಳಿತವನ್ನು ಕೈಗೆತ್ತಿಕೊಂಡರು. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಮಕ್ಕಳ ವಸ್ತುಸಂಗ್ರಹಾಲಯಕ್ಕಾಗಿ 1986ರಲ್ಲಿ ಅವರು ರಚಿಸಿದ್ದ ಚಿಕ್ಕ ಉದ್ಯಾನವೂ ಮುಂದೆ ಬಿಚ್ಚಲ್ಪಟ್ಟು, ಅದರ ಪ್ರತಿಮೆಗಳು ಬೇರೆ ಬೇರೆ ಸಂಗ್ರಹಗಳಿಗೆ ಹಂಚಿಹೋದವು.

ನೇಕಚಂದರು 2015ನೆಯ ಜೂನ್ 12ರಂದು ತಮ್ಮ 90ನೆಯ ವಯಸ್ಸಿನಲ್ಲಿ ಕಾಲವಾದರು. ಮರುವರ್ಷ, 2016ರಲ್ಲಿ, ಲ ಕಾರ್ಬೂಸಿಯೆಯ ಇತರ ಕೃತಿಗಳೊಡನೆ ಚಂಡೀಗಢದ ಶಾಸನಸಭೆ, ಸಚಿವಾಲಯ, ನ್ಯಾಯಾಲಯಗಳ ಸಮುಚ್ಚಯವು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲ್ಪಟ್ಟಿತು. ಅಂದಿನ ಪಟ್ಟಿಯಲ್ಲಿ ನೆರೆಯ ಶಿಲೋದ್ಯಾನಕ್ಕೆ ಸ್ಥಳ ದೊರೆಯಲಿಲ್ಲ. 2025ನೆಯ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯದ ಕಡೆಗೆ ಹೋಗುವ ದಾರಿಯನ್ನು ಅಗಲಮಾಡುವುದಕ್ಕಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಆಡಳಿತದವರು ಕೆಡವಿಸಿದರು. ದಾರಿಗೆ ಅಡ್ಡವಾಗಿದ್ದ ಮರಗಳೂ ಹೋದವು. ನಗರದವರು ಈ ಸಲವೂ ಬಂದು ಪ್ರತಿಭಟಿಸಿದರು. ಯಂತ್ರಗಳು ಈ ಸಲ ಹಿಂದಿರುಗಲಿಲ್ಲ.